ನೋಡದ ತೂಕಕ್ಕೆ ಸಹಿ ಹಾಕಿ ಕೆಲಸ ಕಳೆದುಕೊಂಡೆ

ವೇಬ್ರಿಡ್ಜ್ (ಲಾರಿ ತೂಗುವ ದೊಡ್ಡ ತಕ್ಕಡಿ) ಗುಮಾಸ್ತರ ಕೆಲಸಕ್ಕೆ ಹೊಸದಾಗಿ ಸೇರುವವರು ಇದನ್ನು ಓದಿ. ಹನ್ನೊಂದು ತಿಂಗಳು ಆ ಕುರ್ಚಿಯಲ್ಲಿ ಕುಳಿತಿದ್ದೆ. ಎದ್ದು ಬರುವಾಗ ಕಳ್ಳನೆಂಬ ಹೆಸರು ಅಂಟಿತ್ತು.

ಕೆಲಸವೇನೋ ಸರಳ. ಜಲ್ಲಿ ತುಂಬಿದ ಲಾರಿ ಒಳಗೆ ಬರುವಾಗ ಒಟ್ಟು ತೂಕ, ಸುರಿದು ಹೊರಡುವಾಗ ಖಾಲಿ ತೂಕ, ಕಳೆದರೆ ನಿವ್ವಳ. ಹಣ ಕೊಡುವುದು ನಿವ್ವಳಕ್ಕೆ. ಎರಡನೆಯ ವಾರದಲ್ಲೇ ಮೇಲ್ವಿಚಾರಕರು, "ದಿನಾ ಬರುವ ಲಾರಿಗಳನ್ನು ಮತ್ತೆ ಮತ್ತೆ ಯಾಕೆ ತೂಗುತ್ತೀಯ? ಖಾಲಿ ತೂಕಕ್ಕೆ ಹಳೆಯ ಅಂಕಿಯನ್ನೇ ಹಾಕು, ಸಾಲು ಬೆಳೆಯುತ್ತಿದೆ" ಎಂದರು. ಹಾಕಿದೆ. ಸಾಲು ಕರಗಿತು. ಚಾಲಕರು ನನ್ನನ್ನು ಬಹಳ ಒಳ್ಳೆಯವನೆಂದರು!

ಲಾರಿಯ ಖಾಲಿ ತೂಕ ದಿನವೂ ಒಂದೇ ಇರುವುದಿಲ್ಲ. 300 ಲೀಟರ್ ಡೀಸೆಲ್ ತುಂಬಿಸಿದರೆ ಸುಮಾರು 250 ಕಿಲೋ ಏರುತ್ತದೆ. ಸ್ಟೆಪ್ನಿ, ನೀರಿನ ಡ್ರಮ್, ನೆನೆದ ಟಾರ್ಪಾಲು, ತೊಟ್ಟಿಯ ತಳದಲ್ಲಿ ಕಚ್ಚಿಕೊಂಡ ಕೆಸರು, ಹಳೆಯ ಅಂಕಿ ಹಾಕಿದರೆ ಎಲ್ಲವೂ ಜಲ್ಲಿಯ ಲೆಕ್ಕಕ್ಕೇ ಸೇರುತ್ತವೆ. ಹಳೆಯ ಅಂಕಿ ದಾಖಲಾದ ದಿನ ಚಾಲಕರು ಟ್ಯಾಂಕು ಬರಿದು ಮಾಡಿಕೊಂಡು, ಸ್ಟೆಪ್ನಿ ಇಳಿಸಿ ಬಂದಿದ್ದರಂತೆ. ಒಂದು ಲಾರಿಯಲ್ಲಿ ವ್ಯತ್ಯಾಸ 340 ಕಿಲೋ. ದಿನಕ್ಕೆ 4 ಲೋಡು, ತಿಂಗಳಿಗೆ 25 ದಿನ. ಬಾರದ 34 ಟನ್ ಜಲ್ಲಿಗೆ ಪ್ರತಿ ತಿಂಗಳೂ ನನ್ನ ಸಹಿ!

ದಾಸ್ತಾನು ಅಳೆದಾಗ ಕೊರತೆ ಬಯಲಾಯಿತು. ಮೇಲ್ವಿಚಾರಕರು ಹಾಗೆ ಹೇಳಿಯೇ ಇಲ್ಲವೆಂದರು. ಬಾಯಿಮಾತಿಗೆ ಸಾಕ್ಷಿ ಎಲ್ಲಿ? ಮೇಜಿನ ಡ್ರಾಯರಿನಲ್ಲಿ ಜೋಪಾನವಾಗಿಟ್ಟ ತೂಕದ ಚೀಟಿಗಳನ್ನು ತೆಗೆದರೆ ಅರ್ಧಕ್ಕರ್ಧ ಬಿಳಿ ಹಾಳೆ. ಥರ್ಮಲ್ ಕಾಗದದ ಅಕ್ಷರ ಬಿಸಿಲು, ಸೆಕೆಗೆ ಮಾಸುತ್ತದೆ ಎಂದು ಅಂದೇ ಕಲಿತದ್ದು. ಇನ್ನೊಂದು ದಡ್ಡತನವನ್ನೂ ಹೇಳಿಬಿಡುತ್ತೇನೆ: ರಾತ್ರಿ ಪಾಳಿಯವರಿಗೆ ತೂಕದ ಕಂಪ್ಯೂಟರಿನ ನನ್ನ ಪಾಸ್‌ವರ್ಡ್ ಕೊಟ್ಟಿದ್ದೆ. ನಾನು ಮನೆಯಲ್ಲಿ ಮಲಗಿದ್ದ ಹೊತ್ತಿನ ಲೋಡುಗಳೂ ನನ್ನ ಹೆಸರಿನಲ್ಲೇ ಇದ್ದವು.

ಖಾಲಿ ಲಾರಿಯನ್ನು ಪ್ರತಿ ಸಲವೂ ತಟ್ಟೆಯ ಮೇಲೆ ಹತ್ತಿಸಿ. ಅದಕ್ಕೂ ಮುನ್ನ ಪರದೆಯಲ್ಲಿ ಸೊನ್ನೆ ಇದೆಯೇ ನೋಡಿ. ಹತ್ತಿಸಿದ ಮೇಲೆ ಎಲ್ಲ ಚಕ್ರಗಳೂ ತಟ್ಟೆಯ ಮೇಲಿವೆಯೇ ಎಂದು ಹೊರಗೆ ಬಂದು ನೋಡಿ. ಕಿಟಕಿಯಿಂದ ಹಿಂದಿನ ಚಕ್ರ ಕಾಣುವುದಿಲ್ಲ. ಬೇರೆ ರೀತಿ ಮಾಡು ಎಂದವರಿಂದ ಎರಡು ಸಾಲು ಬರೆಸಿಕೊಳ್ಳಿ. ತಪ್ಪಿದ ಅಂಕಿಯನ್ನು ಅಳಿಸಬೇಡಿ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಿ. ಚೀಟಿಯ ಅಂಕಿಗಳನ್ನು ಅಂದೇ ಶಾಯಿಯಲ್ಲಿ ಪುಸ್ತಕಕ್ಕೆ ಇಳಿಸಿ.

ಸಂದರ್ಶನದಲ್ಲೇ ಒಂದು ಮಾತು ಕೇಳಿ: ಇಲ್ಲಿ ಪ್ರತಿ ಗುಮಾಸ್ತರಿಗೂ ಬೇರೆ ಪಾಸ್‌ವರ್ಡ್ ಇದೆಯೇ? ನಕ್ಕು ಮಾತು ತೇಲಿಸಿದರೆ ಎದ್ದು ಬನ್ನಿ.