ಟಿಮಕ್ಸ್ ಬಿಟ್ಟು ಎರಡು ತಿಂಗಳು ನಿಯೋವಿಮ್ ಟರ್ಮಿನಲ್‌ನಲ್ಲಿ

ಏಳು ವರ್ಷದಿಂದ ನನ್ನ ಕೆಲಸ ಶುರುವಾಗುತ್ತಿದ್ದದ್ದೇ ಟಿಮಕ್ಸ್‌ನಿಂದ. ಒಂದೇ ಟರ್ಮಿನಲ್ಲನ್ನು (ಕಮಾಂಡ್ ಕೊಡುವ ಪರದೆ) ಹಲವು ಪೇನ್‌ಗಳಾಗಿ, ಅಂದರೆ ಭಾಗಗಳಾಗಿ, ಮಾಡಿಕೊಡುವ ಸಾಧನ ಅದು. ಒಂದು ಪೇನ್‌ನಲ್ಲಿ ಎಡಿಟರ್, ಪಕ್ಕದಲ್ಲಿ ಡೆವ್ ಸರ್ವರ್, ಕೆಳಗೆ ಟೆಸ್ಟ್. ನನ್ನ ಎಡಿಟರ್ ನಿಯೋವಿಮ್ ಒಳಗೇ ಟರ್ಮಿನಲ್ ಇರುವಾಗ ಮೇಲೊಂದು ಪದರ ಯಾಕೆ ಅನ್ನಿಸಿ, ಎರಡು ತಿಂಗಳು ಟಿಮಕ್ಸ್ ಮುಟ್ಟದೆ ಕೆಲಸ ಮಾಡಿದೆ.

ಮೊದಲ ವಾರವೇ ಮನಸೋತೆ. ಇಲ್ಲಿ ಟರ್ಮಿನಲ್‌ನ ಔಟ್‌ಪುಟ್ ಅಂದರೆ ಇನ್ನೊಂದು ಬಫರ್ (ಎಡಿಟರ್‌ನಲ್ಲಿ ತೆರೆದಿರುವ ಪಠ್ಯ), ಅಷ್ಟೇ. ಪೈಟೆಸ್ಟ್ (ಪೈಥಾನ್ ಟೆಸ್ಟ್ ಓಡಿಸುವ ಸಾಧನ) ಫೇಲಾಗಿ ಫೈಲಿನ ಹೆಸರು, ಕೋಲನ್, 42 ಎಂದು ತೋರಿಸಿತು ಅಂದುಕೊಳ್ಳಿ. ಕರ್ಸರನ್ನು ಹೆಸರಿನ ಮೇಲಿಟ್ಟು ಜಿ, ಆಮೇಲೆ ಶಿಫ್ಟ್-ಎಫ್ ಒತ್ತಿದರೆ ನೇರ 42ನೇ ಸಾಲು. ಗಿಟ್ ಲಾಗ್ (ಕೋಡಿನ ಬದಲಾವಣೆಗಳ ಪಟ್ಟಿ) ಪಕ್ಕದಲ್ಲಿ ತೆರೆದಿದ್ದರೆ ಕಮಿಟ್ ಹ್ಯಾಶ್‌ನ, ಅಂದರೆ ಒಂದು ಬದಲಾವಣೆಯ ಉದ್ದದ ಗುರುತಿನ, ಮೊದಲ ಮೂರಕ್ಷರ ಬರೆದು ಕಂಟ್ರೋಲ್-ಎನ್ ಒತ್ತಿದರೆ ಉಳಿದದ್ದು ತಾನೇ ಬರುತ್ತದೆ. ಟಿಮಕ್ಸ್‌ನಲ್ಲಿ ಇದಕ್ಕೆ ಕಾಪಿ ಮೋಡ್‌ಗೆ ಹೋಗಿ, ಆರಿಸಿ, ಪೇನ್ ಬದಲಿಸಿ, ಪೇಸ್ಟ್ ಮಾಡಬೇಕು.

ಕಿರಿಕಿರಿ ಎಸ್ಕೇಪ್ ಕೀಯದ್ದು. ಒತ್ತಿದರೆ ಅದು ಟರ್ಮಿನಲ್ ಒಳಗಿನ ಪ್ರೋಗ್ರಾಂಗೇ ಹೋಗುತ್ತದೆ. ಟರ್ಮಿನಲ್ ಮೋಡ್‌ನಿಂದ ಹೊರಬರಲು ಕಂಟ್ರೋಲ್-ಬ್ಯಾಕ್‌ಸ್ಲ್ಯಾಶ್, ಕಂಟ್ರೋಲ್-ಎನ್. ಅದು ಬೆರಳಿಗೆ ಕೂರಲೇ ಇಲ್ಲ, ಬೇರೆ ಕೀಗೆ ಮ್ಯಾಪ್ ಮಾಡಿಕೊಂಡೆ. ಒಳಗಿನಿಂದ ಗಿಟ್ ಕಮಿಟ್ ಕೊಟ್ಟರೆ, ಸಂದೇಶ ಬರೆಯಲು ನಿಯೋವಿಮ್ ಒಳಗೆ ಇನ್ನೊಂದು ನಿಯೋವಿಮ್. ಎಸ್ಕೇಪ್ ವಿಷಯದಲ್ಲಿ ಟಿಮಕ್ಸ್ ಕೂಡ ಸಾಧುವಲ್ಲ: 3.5ಕ್ಕೆ ಮುಂಚಿನ ಆವೃತ್ತಿಗಳಲ್ಲಿ ಎಸ್ಕೇಪ್ ಒತ್ತಿದ ಮೇಲೆ 500 ಮಿಲಿಸೆಕೆಂಡ್ ಕಾಯುವುದೇ ಡಿಫಾಲ್ಟ್.

ಇತ್ಯರ್ಥವಾಗಿದ್ದು ಒಂದು ಸಂಜೆ. ದೂರದ ಸರ್ವರ್‌ನಲ್ಲಿ ನಿಯೋವಿಮ್ ತೆರೆದು, ಅದರೊಳಗೆ ಡೇಟಾ ತುಂಬುವ ಸ್ಕ್ರಿಪ್ಟ್ ಓಡಿಸಿದ್ದೆ. ಕರೆಂಟ್ ಹೋಯಿತು, ರೂಟರ್ ಆಫ್. ಮತ್ತೆ ಲಾಗಿನ್ ಆದಾಗ ಎಡಿಟರೂ ಇಲ್ಲ, ಸ್ಕ್ರಿಪ್ಟೂ ಇಲ್ಲ. ಅರ್ಧ ತುಂಬಿದ ಟೇಬಲ್ ಮಾತ್ರ ಉಳಿದಿತ್ತು. ಟಿಮಕ್ಸ್‌ನಲ್ಲಿ ಶೆಲ್‌ಗಳೆಲ್ಲ (ಕಮಾಂಡ್ ಓಡಿಸುವ ಪ್ರೋಗ್ರಾಂಗಳು) ಹಿನ್ನೆಲೆಯ ಸರ್ವರ್ ಪ್ರೊಸೆಸ್‌ನ ಮಕ್ಕಳು, ಎಸ್‌ಎಸ್‌ಎಚ್ (ದೂರದ ಸರ್ವರ್ ಜೊತೆಗಿನ ಸಂಪರ್ಕ) ಕಡಿದರೆ ಸಾಯುವುದು ಕ್ಲೈಂಟ್, ಅಂದರೆ ನಮಗೆ ತೋರಿಸುವ ಭಾಗ, ಮಾತ್ರ. ನಿಯೋವಿಮನ್ನೂ ಹೆಡ್‌ಲೆಸ್ ಆಗಿ (ಪರದೆಯಿಲ್ಲದೆ ಹಿನ್ನೆಲೆಯಲ್ಲಿ) ಓಡಿಸಿ, ಹೊರಗಿನಿಂದ ರಿಮೋಟ್ ಯುಐ ಮೂಲಕ ಸೇರಬಹುದು. ಮಾಡಿ ನೋಡಿದೆ, ಕೆಲಸ ಮಾಡುತ್ತದೆ. ಆದರೆ ಯಾವುದೋ ಪ್ಲಗಿನ್ ಕೈಕೊಟ್ಟು ಎಡಿಟರ್ ಬಿದ್ದರೆ ಮೂರು ಗಂಟೆಯ ಜಾಬ್ ಕೂಡ ಅದರ ಜೊತೆಗೇ ಹೋಗುತ್ತದೆ. ಅಷ್ಟು ನಂಬಿಕೆ ನನಗಿಲ್ಲ.

ಈಗ ಲ್ಯಾಪ್‌ಟಾಪ್‌ನಲ್ಲಿ ಟಿಮಕ್ಸ್ ಇನ್‌ಸ್ಟಾಲೇ ಮಾಡಿಲ್ಲ. ಸರ್ವರ್‌ಗೆ ಹೋದರೆ ಮೊದಲ ಕಮಾಂಡ್ ಟಿಮಕ್ಸ್ ಅಟ್ಯಾಚ್ (ಹಿನ್ನೆಲೆಯಲ್ಲಿರುವ ಟಿಮಕ್ಸ್‌ಗೆ ಮತ್ತೆ ಸೇರುವುದು), ಅದರ ಒಂದು ವಿಂಡೋದಲ್ಲಿ ನಿಯೋವಿಮ್. ಉದ್ದದ ಜಾಬ್‌ಗಳಿಗೆ ಬೇರೆಯದೇ ವಿಂಡೋ.