ಗೂಗಲ್ ಟ್ರೆಂಡ್ಸ್: ನೀಶ್ ಬೇಡ ಅನ್ನೋಕೆ ಸಾಕು, ಬೇಕು ಅನ್ನೋಕೆ ಸಾಲದು

ಅಫಿಲಿಯೇಟ್ ಮಾರ್ಕೆಟಿಂಗ್‌ಗೆ (ಬೇರೆಯವರ ವಸ್ತುವಿಗೆ ಲಿಂಕ್ ಕೊಟ್ಟು, ಅದರಿಂದ ಮಾರಾಟವಾದರೆ ಕಮಿಷನ್ ಪಡೆಯುವ ಕೆಲಸ) ಇಳಿಯುವವರು ನೀಶ್, ಅಂದರೆ ಬರೆಯಲು ಆರಿಸಿಕೊಳ್ಳುವ ಒಂದು ಕಿರಿದಾದ ವಿಷಯ, ಹುಡುಕಲು ಮೊದಲು ತೆರೆಯುವುದು ಗೂಗಲ್ ಟ್ರೆಂಡ್ಸ್. ಪುಕ್ಕಟೆ ಸಿಗುತ್ತದೆ, ಲಾಗಿನ್ ಕೂಡ ಬೇಡ, ಒಂದು ಪದ ಹಾಕಿದರೆ ಗೂಗಲ್‌ನಲ್ಲಿ ಅದರ ಹುಡುಕಾಟ ಏರಿತೋ ಇಳಿಯಿತೋ ಅಂತ ತೋರಿಸುವ ಗೆರೆ ಬರುತ್ತದೆ. ಗೆರೆ ಏರಿದರೆ ನೀಶ್ ಚೆನ್ನಾಗಿದೆ, ಇಳಿದರೆ ಬೇಡ ಅಂತ ಅಲ್ಲೇ ತೀರ್ಮಾನ ಮಾಡುವವರೇ ಜಾಸ್ತಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ನೀಶ್‌ಗೆ ಕೈ ಹಾಕಬಾರದು ಅಂತ ತಿಳಿಯಲು ಪುಕ್ಕಟೆ ಟೂಲ್‌ಗಳಲ್ಲಿ ಇದು ತುಂಬಾ ಒಳ್ಳೆಯದು. ಯಾವುದಕ್ಕೆ ಕೈ ಹಾಕಬೇಕು ಅನ್ನುವುದಕ್ಕೆ ಇದೊಂದನ್ನೇ ನಂಬಿ ಕೂರಬೇಡಿ.

ಇದರ ದೊಡ್ಡ ಬಲ ಹಳೆಯ ಡೇಟಾ. 2004ರಿಂದ ಇಲ್ಲಿಯವರೆಗಿನ ಹುಡುಕಾಟದ ಏರಿಳಿತ ಒಂದೇ ಪರದೆಯಲ್ಲಿ ಕಾಣುತ್ತದೆ. ಆದರೆ ಮೊದಲು ಬರುವುದು ಸಾಮಾನ್ಯವಾಗಿ ಕಳೆದ 12 ತಿಂಗಳ ಗೆರೆ, ಅದನ್ನು ನೀವೇ ಬದಲಿಸಬೇಕು. ಫಿಜೆಟ್ ಸ್ಪಿನ್ನರ್ (ಬೆರಳಲ್ಲಿ ಹಿಡಿದು ತಿರುಗಿಸುವ ಆಟಿಕೆ) ಅಂತ ಹಾಕಿ ನೋಡಿ. ವರ್ಷಗಟ್ಟಲೆ ನೆಲಕ್ಕೆ ಅಂಟಿಕೊಂಡ ಗೆರೆ 2017ರ ಮೇ ತಿಂಗಳಲ್ಲಿ ನೆಟ್ಟಗೆ ಮೇಲಕ್ಕೆ ಹೋಗಿ, ಕೆಲವೇ ತಿಂಗಳಲ್ಲಿ ಧೊಪ್ಪನೆ ಬಿದ್ದಿದೆ. ಸೈಟ್ ಕಟ್ಟಿ, ಬರೆದು, ಅದು ಹುಡುಕಾಟದಲ್ಲಿ ಮೇಲೆ ಬರುವಷ್ಟರಲ್ಲಿ ಜನರ ಹುಚ್ಚೇ ಇಳಿದಿರುತ್ತದೆ, ಅಲ್ವಾ? ಇಂಥದ್ದನ್ನು ಒಂದು ನಿಮಿಷದಲ್ಲಿ ಪಕ್ಕಕ್ಕಿಡಬಹುದು. ಪ್ರತಿ ವರ್ಷ ಒಂದೇ ಹೊತ್ತಿಗೆ ಏರುವ ಗೆರೆಯಾದರೆ ಅದು ಬೇರೆ ಮಾತು. ಅದು ಸೀಸನ್. ಆ ಸೀಸನ್‌ಗೆ ಎಷ್ಟು ತಿಂಗಳು ಮೊದಲೇ ಬರೆದಿಡಬೇಕು ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ.

ಈಗ ಎಡವಟ್ಟಾಗುವ ಜಾಗಕ್ಕೆ ಬರೋಣ. ಎಡಗಡೆ ಕಾಣುವ 0ರಿಂದ 100 ಹುಡುಕಿದವರ ಸಂಖ್ಯೆ ಅಲ್ಲ. ನೀವು ಆರಿಸಿದ ಅವಧಿಯಲ್ಲಿ ಆ ಪದ ಅತಿ ಜಾಸ್ತಿ ಜನಪ್ರಿಯವಾಗಿದ್ದ ಹೊತ್ತಿಗೆ 100 ಕೊಟ್ಟು, ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ಇಡುತ್ತಾರೆ. ಹಾಗಾಗಿ ಕೆಲವೇ ಸಾವಿರ ಜನ ಹುಡುಕುವ ಪದಕ್ಕೂ 100 ಬರುತ್ತದೆ, ಕೋಟಿ ಜನ ಹುಡುಕುವುದಕ್ಕೂ 100 ಬರುತ್ತದೆ. ಎರಡು ನೀಶ್‌ಗಳನ್ನು ಬೇರೆ ಬೇರೆ ಟ್ಯಾಬ್‌ನಲ್ಲಿ ತೆರೆದು ಹೋಲಿಸುವುದು ಸುಮ್ನೆ ಟೈಮ್ ವೇಸ್ಟ್. ಒಂದೇ ಚಾರ್ಟ್‌ನಲ್ಲಿ ಹಲವು ಪದಗಳನ್ನು ಹಾಕಬಹುದು, ಅಲ್ಲೇ ಹೋಲಿಸಿ. ಗೆರೆಯ ಕೊನೆಯ ಚುಕ್ಕೆ ಚುಕ್ಕೆ ಭಾಗ ಇನ್ನೂ ಮುಗಿಯದ ಅವಧಿಯದ್ದು, ಅದು ಬಿದ್ದಂತೆ ಕಂಡರೆ ಹೆದರಬೇಡಿ.

ಹುಡುಕುವವರೆಲ್ಲ ಕೊಳ್ಳುವವರಲ್ಲ. ಟ್ರೆಂಡ್ಸ್ ಈ ವ್ಯತ್ಯಾಸವನ್ನು ತಾನಾಗಿ ಹೇಳುವುದಿಲ್ಲ. 2022ರ ಜುಲೈನಲ್ಲಿ ಬಾಹ್ಯಾಕಾಶದಲ್ಲಿರುವ ಜೇಮ್ಸ್ ವೆಬ್ ಟೆಲಿಸ್ಕೋಪ್ ತೆಗೆದ ಮೊದಲ ಚಿತ್ರಗಳು ಬಂದಾಗ ಹುಡುಕಿದವರಿಗೆ ಬೇಕಿದ್ದದ್ದು ಆ ಚಿತ್ರಗಳು. ಮನೆಗೆ ಟೆಲಿಸ್ಕೋಪ್ ಕೊಳ್ಳುವವರು ಬೇರೆಯೇ ಜನ. ಅದಕ್ಕೇ ನಾನು ಎರಡು ಕಡೆ ಕಣ್ಣಿಡುತ್ತೇನೆ. ಒಂದು, ಕೆಳಗೆ ಬರುವ ಸಂಬಂಧಿತ ಹುಡುಕಾಟಗಳು. ಅಲ್ಲಿ ‘ಯಾವುದು ಒಳ್ಳೆಯದು’, ‘ರಿವ್ಯೂ’, ‘ಬೆಲೆ’, ಮಾಡೆಲ್ ಹೆಸರು ಇಂಥವು ಇದ್ದರೆ ಕೊಳ್ಳುವವರು ಇದ್ದಾರೆ ಅಂತ ಲೆಕ್ಕ. ಬರೀ ಸುದ್ದಿ, ಚಿತ್ರ, ‘ಅಂದರೇನು’ ಇದ್ದರೆ ಓದಿ ಹೋಗುವವರು. ಬ್ರೇಕ್‌ಔಟ್ ಅಂತ ಬಂದರೆ ಆ ಹುಡುಕಾಟ ಹಿಂದಿನ ಅವಧಿಗಿಂತ 5000%ಕ್ಕಿಂತ ಜಾಸ್ತಿ ಏರಿದೆ ಅಂತ ಅರ್ಥ. ಆದರೆ ಹಿಂದೆ ಹೆಚ್ಚುಕಡಿಮೆ ಯಾರೂ ಹುಡುಕದೇ ಇದ್ದ ಪದಕ್ಕೂ ಆ ಪಟ್ಟ ಸುಲಭವಾಗಿ ಸಿಗುತ್ತದೆ. ಎರಡು, ಮೇಲಿರುವ ಫಿಲ್ಟರ್. ವೆಬ್ ಸರ್ಚ್ ತೆಗೆದು ಗೂಗಲ್ ಶಾಪಿಂಗ್ ಹಾಕಿದಾಗಲೂ ಗೆರೆ ಗಟ್ಟಿಯಾಗಿ ನಿಂತರೆ ನನಗೆ ಅರ್ಧ ಧೈರ್ಯ ಬರುತ್ತದೆ.

ಉಳಿದರ್ಧಕ್ಕೆ ಕೀವರ್ಡ್ ಪ್ಲಾನರ್, ಅಂದರೆ ಒಂದು ಪದವನ್ನು ತಿಂಗಳಿಗೆ ಸುಮಾರು ಎಷ್ಟು ಸಲ ಹುಡುಕುತ್ತಾರೆ ಅಂತ ಜಾಹೀರಾತುದಾರರಿಗೆ ತೋರಿಸುವ ಗೂಗಲ್‌ನ ಟೂಲ್, ಬೇಕೇ ಬೇಕು. ಅದಕ್ಕೆ ಗೂಗಲ್ ಆ್ಯಡ್ಸ್ ಖಾತೆ ಬೇಕು. ಜಾಹೀರಾತಿಗೆ ಹೆಚ್ಚು ಖರ್ಚು ಮಾಡದವರಿಗೆ 1,000ದಿಂದ 10,000 ಅಂತ ಅಗಲವಾದ ಅಂದಾಜು ಮಾತ್ರ ತೋರಿಸುತ್ತದೆ, ಇರಲಿ. ನನಗೆ ಮುಖ್ಯವಾದದ್ದು ಅಲ್ಲಿನ ಬಿಡ್ ಕಾಲಂ. ಒಂದು ಕ್ಲಿಕ್‌ಗೆ ಜಾಹೀರಾತುದಾರರು ಕೈಯಿಂದ ದುಡ್ಡು ಹಾಕುತ್ತಿದ್ದಾರೆ ಅಂದರೆ ಅಲ್ಲಿ ವ್ಯಾಪಾರ ನಡೆಯುತ್ತಿದೆ. ಪಕ್ಕದ ಕಾಂಪಿಟೀಷನ್ ಕಾಲಂ ನೋಡಿ ‘ಲೋ’ ಇದೆ ಅಂತ ಖುಷಿಪಡಬೇಡಿ. ಅದು ಜಾಹೀರಾತುದಾರರ ನಡುವಿನ ಪೈಪೋಟಿ, ನಿಮ್ಮ ಲೇಖನ ಮೇಲೆ ಬರುವುದು ಸುಲಭವೋ ಕಷ್ಟವೋ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಕಮಿಷನ್ ವಿಷಯದಲ್ಲಿ ಟ್ರೆಂಡ್ಸ್ ಪೂರ್ತಿ ಕುರುಡು. 2020ರಲ್ಲಿ ಜನ ಮನೆಯಿಂದ ಕೆಲಸ ಶುರು ಮಾಡಿದಾಗ ಆಫೀಸ್ ಚೇರ್ ಹುಡುಕಾಟ ಏರಿತು. ಅದೇ ಏಪ್ರಿಲ್‌ನಲ್ಲಿ ಅಮೆಜಾನ್‌ನ ಅಫಿಲಿಯೇಟ್ ಪ್ರೋಗ್ರಾಂ ಆದ ಅಮೆಜಾನ್ ಅಸೋಸಿಯೇಟ್ಸ್ ಅಮೆರಿಕದಲ್ಲಿ ಫರ್ನಿಚರ್ ಕಮಿಷನ್ನನ್ನು 8%ರಿಂದ 3%ಕ್ಕೆ ಇಳಿಸಿತು. ಗೆರೆ ಮೇಲೆ, ದುಡಿಮೆ ಕೆಳಗೆ. ಇನ್ನೊಂದು, ಅಮೆಜಾನ್‌ನಲ್ಲಿ ಜನ ನಿಮ್ಮ ಲಿಂಕ್ ಒತ್ತಿದ ಮೇಲೆ 24 ಗಂಟೆಯೊಳಗೆ ಕೊಂಡರೆ ಅಥವಾ ಕಾರ್ಟ್‌ಗೆ ಹಾಕಿದರೆ ಮಾತ್ರ ನಿಮ್ಮ ಲೆಕ್ಕಕ್ಕೆ. ಕ್ಯಾಮೆರಾ, ಹಾಸಿಗೆ ಥರ ವಾರಗಟ್ಟಲೆ ಯೋಚಿಸಿ ಕೊಳ್ಳುವ ವಸ್ತುಗಳಿಗೆ ಇದು ದೊಡ್ಡ ಪೆಟ್ಟು. ಹಾಗಾಗಿ ನೀಶ್ ಒಪ್ಪುವ ಮೊದಲು ಆ ಪ್ರೋಗ್ರಾಂನ ಕಮಿಷನ್, ಕುಕೀ ಅವಧಿ (ಲಿಂಕ್ ಒತ್ತಿದ ಮೇಲೆ ಎಷ್ಟು ಹೊತ್ತಿನೊಳಗೆ ಕೊಂಡರೆ ಕಮಿಷನ್ ಸಿಗುತ್ತದೆ ಅನ್ನುವುದು), ವಾಪಸ್ ಬಂದ ಮಾಲಿನ ನಿಯಮ, ಈ ಮೂರನ್ನೂ ಓದಿ. ಬೇಜಾರಾದರೂ ಓದಿ.

ಇಷ್ಟೆಲ್ಲ ದಾಟಿದ ಪದವನ್ನು ಗೂಗಲ್‌ನಲ್ಲಿ ಹಾಕಿ ಮೊದಲ ಪುಟ ನೋಡಿ. ದೊಡ್ಡ ಅಂಗಡಿಗಳು, ದೊಡ್ಡ ಪತ್ರಿಕೆಗಳೇ ತುಂಬಿ ಒಂದೂ ಸಣ್ಣ ಸೈಟ್ ಕಾಣದಿದ್ದರೆ ಆ ಪದ ಬಿಟ್ಟು ಅದರೊಳಗಿನ ಸಣ್ಣ ಪದಕ್ಕೆ ಇಳಿಯಿರಿ. ‘ಟೆಲಿಸ್ಕೋಪ್’ ಬಿಟ್ಟು ‘ಮಕ್ಕಳಿಗೆ ಮೊದಲ ಟೆಲಿಸ್ಕೋಪ್’ ಅನ್ನುವ ಥರ. ಟ್ರೆಂಡ್ಸ್ ಬಗ್ಗೆ ನನ್ನ ದೊಡ್ಡ ತಕರಾರು ಇಲ್ಲೇ. ಹುಡುಕಾಟ ಕಮ್ಮಿ ಇರುವ ಪದಕ್ಕೆ ಅದು ಸೊನ್ನೆ ತೋರಿಸುತ್ತದೆ, ಇಲ್ಲವೇ ಡೇಟಾ ಸಾಲದು ಅನ್ನುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಜಾಗ ಸಿಗುವುದು ಮಾತ್ರ ಅಂಥ ಪದಗಳಲ್ಲೇ. ಅಲ್ಲಿ ಪ್ಲಾನರ್ ನೋಡಿ, ನಾಲ್ಕು ಒಳ್ಳೆಯ ಲೇಖನ ಹಾಕಿ, ಯಾರಾದರೂ ಲಿಂಕ್ ಒತ್ತುತ್ತಾರಾ ಅಂತ ಕಾಯುವುದೊಂದೇ ದಾರಿ.