ಏರ್ ಕೂಲರ್ ಸಾಕಾ, ಲಿಕ್ವಿಡ್ ಕೂಲರ್ ಬೇಕಾ?

ಏಪ್ರಿಲ್‌ನಲ್ಲಿ ಕುಶಾಲನಗರದ ಕಡೆ ಶೀಟ್ ಹಾಕಿದ ಮಹಡಿ ಕೋಣೆ ಚೆನ್ನಾಗಿಯೇ ಕಾಯುತ್ತದೆ. ಕಂಪ್ಯೂಟರ್‌ಗೆ ಈ ಎರಡರಲ್ಲಿ ಯಾವ ಕೂಲರ್ ಹಾಕಿದರೂ ಅದರ ಪ್ರೊಸೆಸರ್ ಕೋಣೆಯ ಗಾಳಿಗಿಂತ ತಣ್ಣಗಾಗುವುದಿಲ್ಲ. ಕೋಣೆ 34 ಡಿಗ್ರಿ ಇದ್ದರೆ ಲೆಕ್ಕ ಅಲ್ಲಿಂದಲೇ ಶುರು.

65 ವಾಟ್‌ನ ಪ್ರೊಸೆಸರ್‌ಗೆ 120 ಮಿ.ಮೀ. ಫ್ಯಾನಿನ ಟವರ್ (ಎತ್ತರಕ್ಕೆ ನಿಲ್ಲುವ) ಏರ್ ಕೂಲರ್ ಧಾರಾಳ ಸಾಕು. ಅದರಲ್ಲಿ ತಿರುಗುವುದು ಫ್ಯಾನ್ ಒಂದೇ. ಕೆಟ್ಟರೆ ಅದನ್ನಷ್ಟೇ ಬದಲಾಯಿಸಬಹುದು. ಲಿಕ್ವಿಡ್ ಕೂಲರ್‌ನಲ್ಲಿ ದ್ರವ ಹರಿಸುವ ಪಂಪ್ ಕೂಡ ಇದೆ. ಅದು ನಿಂತರೆ ಸಾಮಾನ್ಯವಾಗಿ ಇಡೀ ಸೆಟ್ಟೇ ಹೊಸದು ಬೇಕು. ಜುಲೈ ಮಳೆಯಲ್ಲಿ ಕೊರಿಯರ್‌ಗೆ ಕಾಯುವ ಕಥೆ ಗೊತ್ತಲ್ವಾ?

ನಿಮ್ಮ ಪ್ರೊಸೆಸರ್ 200 ವಾಟ್ ದಾಟುವುದಾದರೆ, ಗಂಟೆಗಟ್ಟಲೆ ವಿಡಿಯೋ ರೆಂಡರ್ ಮಾಡುವುದಾದರೆ, 360 ಮಿ.ಮೀ. ರೇಡಿಯೇಟರ್ (ದ್ರವದ ಬಿಸಿ ಹೊರಹಾಕುವ ಭಾಗ) ಇರುವ ಲಿಕ್ವಿಡ್ ಕೂಲರ್ ತೆಗೆದುಕೊಳ್ಳಿ. 120 ಮಿ.ಮೀ. ರೇಡಿಯೇಟರ್‌ನದ್ದು ಸುಮ್ನೆ ದುಡ್ಡು ದಂಡ, ಒಳ್ಳೆಯ ಟವರ್ರೇ ವಾಸಿ. ಕಾಫಿ ಕಣದ ಧೂಳು ಬರುವ ಮನೆಯಾದರೆ ಯಾವುದೇ ಇರಲಿ, ಬಿಸಿ ಬಿಡುವ ತೆಳು ಲೋಹದ ಫಿನ್‌ಗಳನ್ನು ಆಗಾಗ ಬ್ರಷ್‌ನಿಂದ ಚೊಕ್ಕ ಮಾಡಿ.